ಇನ್ನೂರ ಹದಿನಾಲ್ಕನೇ ಬಿಲ್ಲೆ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಆದರೆ ಸೊಸೆ ಬೋರ್ಡಿನ ಮುಂದೆ ನಿಂತು ಪಾಠ ಹೇಳುವುದು, ಅತ್ತೆ ಮೂರನೇ ಬೆಂಚಿನಲ್ಲಿ ಕೂತು ಅನುಮಾನ ಬಂದಾಗ ಕೈ ಎತ್ತುವುದು, ಇಂಥ ಮನೆಗಳು ಎಲ್ಲೂ ಹೆಚ್ಚಿರಲಾರವು. ಬೆಲ್ಟಕ್ಕನ ಮನೆ ಅಂಥದ್ದು.

ಬೆಲ್ಟಕ್ಕ ಎಂದರೆ ಊರಿಗೆಲ್ಲ ಗೊತ್ತು. ಕಲ್ಲಿದ್ದಲು ಸುಟ್ಟು ವಿದ್ಯುತ್ ತೆಗೆಯುವ ಸ್ಥಾವರದಲ್ಲಿ ಇಪ್ಪತ್ತಾರು ವರ್ಷ ಕನ್ವೇಯರ್ ಬೆಲ್ಟ್ ಕಾದವಳು. ಅಂಗಳದಲ್ಲಿ ಬಿದ್ದ ಕಲ್ಲಿದ್ದಲು ಬಾಯ್ಲರಿನ ಬಾಯಿ ಸೇರಬೇಕಾದರೆ ಒಂದು ಕಿಲೋಮೀಟರ್ ಉದ್ದದ ರಬ್ಬರ್ ಪಟ್ಟಿಯ ಮೇಲೆ ಸಾಗಬೇಕು. ಆ ಪಟ್ಟಿಯ ಪಕ್ಕದ ಕಿರುದಾರಿಯಲ್ಲಿ ಪಾಳಿಗೆ ಮೂರು ಸಲ ನಡೆಯುವುದು, ಕೆಳಗೆ ತಿರುಗುವ ಉರುಳೆಗಳಲ್ಲಿ ಯಾವುದು ನರಳುತ್ತಿದೆ ಎಂದು ಕಿವಿಗೊಡುವುದು, ನರಳಿದ್ದನ್ನು ಬದಲಿಸುವುದು ಅವಳ ಕೆಲಸ. ಮೊದಲ ದಿನ ಅವಳನ್ನು ನೋಡಿದ ಗಂಡಸರು, ಒಂದು ವಾರ ತಡೆದರೆ ಹೆಚ್ಚು ಎಂದು ಮಾತಾಡಿಕೊಂಡರಂತೆ. ಹಾಗೆ ಅಂದವರಲ್ಲಿ ಇಬ್ಬರು ಅವಳ ಕೈಕೆಳಗೇ ಕೆಲಸ ಮಾಡಿ ನಿವೃತ್ತರಾದರು. ಅದನ್ನು ಅವಳು ಎಂದೂ ಎತ್ತಿ ಆಡಲಿಲ್ಲ. ಮರೆಯಲೂ ಇಲ್ಲ.

ಅವಳ ಸೊಂಟದ ಪಟ್ಟಿಯಲ್ಲಿ ಒಂದು ಹಿತ್ತಾಳೆ ಬಿಲ್ಲೆ ತೂಗುತ್ತಿತ್ತು. ಕೈಗಡಿಯಾರದಷ್ಟು ಅಗಲ, ಮೇಲೆ ಕೊರೆದ ಸಂಖ್ಯೆ ಇನ್ನೂರ ಹದಿನಾಲ್ಕು. ಸ್ಥಾವರದಲ್ಲಿ ಪ್ರತಿಯೊಬ್ಬರಿಗೂ ಇಂಥದ್ದೊಂದು ಇತ್ತು. ಯಂತ್ರದೊಳಗೆ ಕೈ ಹಾಕುವ ಮೊದಲು ಸ್ವಿಚ್ ಆರಿಸಿ, ಅದರ ಹಿಡಿಗೆ ತಮ್ಮ ಬಿಲ್ಲೆ ತೂಗುಹಾಕಬೇಕು. ಕೆಲಸ ಮುಗಿದ ಮೇಲೆ ತೆಗೆಯಬೇಕು. ಹಾಕಿದವರೇ ತೆಗೆಯಬೇಕು, ದೊಡ್ಡ ಸಾಹೇಬರೇ ಬಂದರೂ ಬೇರೆಯವರು ಮುಟ್ಟುವ ಹಾಗಿಲ್ಲ. ಹೊಸಬರಿಗೆ ಸೇರಿದ ಕೂಡಲೇ ಬಿಲ್ಲೆ ಸಿಗುತ್ತಿರಲಿಲ್ಲ. ಒಂದು ವರ್ಷ ಹಳಬರ ಬಿಲ್ಲೆಯ ಹಿಂದೆ ನಿಂತು ಕೆಲಸ ಕಲಿಯಬೇಕು, ಆಮೇಲೆ ಅವರದೇ ಸಂಖ್ಯೆ ಕೊರೆದು ಕೊಡುತ್ತಿದ್ದರು.

ಬಿಲ್ಲೆ ಮೊದಲಿನಿಂದಲೂ ಇತ್ತು, ಕಟ್ಟುನಿಟ್ಟು ಇರಲಿಲ್ಲ. ಅದು ಬಂದದ್ದು ಬೆಲ್ಟಕ್ಕ ಸೇರಿದ ಎರಡನೇ ವರ್ಷ. ನೀರು ಕುಡಿಯಲು ಹೋಗಿದ್ದವನೊಬ್ಬನ ಬಿಲ್ಲೆಯನ್ನು ಅವಸರದ ಮೇಲ್ವಿಚಾರಕನೊಬ್ಬ ತಾನೇ ತೆಗೆದು ಬೆಲ್ಟ್ ಓಡಿಸಿದ. ಏನೂ ಆಗಲಿಲ್ಲ. ಇನ್ನೊಂದು ದಿನ ಇನ್ನೊಬ್ಬನದು ತೆಗೆದ, ಆಗಲೂ ಏನೂ ಆಗಲಿಲ್ಲ. ಮೂರನೇ ಸಲ ಒಬ್ಬ ಫಿಟ್ಟರನ ಎಡಗೈ ಹೋಯಿತು. ಬೆಲ್ಟಕ್ಕ ಹತ್ತು ಹೆಜ್ಜೆ ದೂರದಲ್ಲಿದ್ದಳು. ಆ ಫಿಟ್ಟರ್ ಮುಂದೆ ಗೇಟು ಕಾಯುವವನಾದ. ಇಪ್ಪತ್ತನಾಲ್ಕು ವರ್ಷ ಅವಳು ದಿನಾ ಅವನ ಮುಂದೆಯೇ ಹಾದು ಕೆಲಸಕ್ಕೆ ಹೋದಳು.

ಸ್ಥಾವರ ಮುಚ್ಚುತ್ತಾರೆ ಎಂಬ ಸುದ್ದಿ ತೋಳ ಬಂತು ತೋಳ ಎಂಬಂತೆ ಹತ್ತು ವರ್ಷ ಓಡಾಡಿತು. ಕೊನೆಗೊಂದು ದಿನ ತೋಳ ಬಂದೇ ಬಿಟ್ಟಿತು. ಚಿಮಣಿಯ ಹೊಗೆ ನಿಂತ ವಾರದಲ್ಲಿ, ಒಣಹಾಕಿದ ಬಟ್ಟೆ ಸಂಜೆಯವರೆಗೂ ಬೆಳ್ಳಗೇ ಇರುವುದನ್ನು ನೋಡಿ ಊರಿನ ಹೆಂಗಸರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೂದಿ ಸುರಿಯುತ್ತಿದ್ದ ಬಯಲನ್ನು ಸಮ ಮಾಡಿ ಸೌರ ಫಲಕಗಳ ಸಾಲು ನಿಲ್ಲಿಸಿದರು. ಅವನ್ನು ನೋಡಿಕೊಳ್ಳುವ ಕೆಲಸ ಹಳಬರಿಗೇ ಎಂದು ಮಾತಾಯಿತು, ಆದರೆ ಐದು ತಿಂಗಳು ಕಲಿತು ಪರೀಕ್ಷೆ ಪಾಸಾಗಬೇಕು. ಎರಡು ಅವಕಾಶ. ಎರಡರಲ್ಲೂ ಬಿದ್ದವರು ಬಿಲ್ಲೆಯನ್ನು ಗೇಟಿನಲ್ಲಿ ಒಪ್ಪಿಸಿ ಮನೆಗೆ ಹೋಗಬೇಕು.

ಬೆಲ್ಟಕ್ಕನಿಗೆ ಆಗ ಐವತ್ತೊಂದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಪಕ್ಕದ ಮನೆಯಾಕೆ ಮೂಗು ಮುರಿದಳು. ಇಪ್ಪತ್ತಾರು ವರ್ಷ ಬೆಲ್ಟಿನ ಕೆಳಗೆ ಬಗ್ಗಿದ್ದೇ ಬಗ್ಗಿದ್ದು, ಇನ್ನೆಷ್ಟು ಬಗ್ಗಬೇಕಂತೆ ಕೇಳಿ ಬನ್ನಿ ಎಂದು ಬೆಲ್ಟಕ್ಕ ಹೇಳಿ ಕಳಿಸಿದಳು. ನಿಜ ಹೇಳಬೇಕೆಂದರೆ ಒಳಗೊಳಗೇ ಅವಳಿಗೂ ಹೆದರಿಕೆ ಇತ್ತು. ಬಿಲ್ಲೆ ಒಪ್ಪಿಸಿ ಬಂದ ಮೇಲೆ ತಾನು ಯಾರು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಕಲಿಸಲು ಬಂದವಳು ಮಗನ ಹೆಂಡತಿ. ಮಗ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಸೊಸೆ ಬಿಸಿಲಿನ ವಿದ್ಯುತ್ತನ್ನೇ ಓದಿಕೊಂಡವಳು. ಹಳೆಯ ಸಾಮಾನಿನ ಗೋದಾಮಿನಲ್ಲಿ ಬೆಂಚು ಹಾಕಿ ತರಗತಿ ಮಾಡಿದ್ದರು. ಗೋದಾಮಿನ ಬಾಗಿಲಿನವರೆಗೆ ಅತ್ತೆ, ಒಳಗೆ ಕಾಲಿಟ್ಟ ಮೇಲೆ ಮೇಡಂ ಎಂದು ಇಬ್ಬರೂ ಮೊದಲೇ ಮಾತಾಡಿಕೊಂಡರು. ಬೆಲ್ಟಕ್ಕನ ಗಂಡ ಕ್ರೇನ್ ನಡೆಸಿ ನಿವೃತ್ತನಾದ ತಮಾಷೆಯ ಮನುಷ್ಯ. ಬೆಳಿಗ್ಗೆ ಸೊಸೆಗೆ ಗದರಿದರೆ ಮಧ್ಯಾಹ್ನ ಮಾರ್ಕು ಹೋಗುತ್ತದೆ, ನೋಡಿಕೊಂಡು ಮಾತಾಡು ಎಂದು ಹೆಂಡತಿಗೆ ದಿನಾ ಎಚ್ಚರಿಸುತ್ತಿದ್ದ.

ಪಾಠ ಮೊದಲು ಕಬ್ಬಿಣದ ಕಡಲೆಯಾಗಿತ್ತು. ವೋಲ್ಟು, ಆಂಪಿಯರು, ಕೂಡಿಸು, ಭಾಗಿಸು. ಆದರೆ ಕೈಗೆ ಉಪಕರಣ ಬಂದ ಕೂಡಲೇ ಬೆಲ್ಟಕ್ಕ ತನ್ನ ಸ್ಥಾನಕ್ಕೆ ಬಂದಳು. ಕಷ್ಟವಾದದ್ದು ಬಿಲ್ಲೆಯ ವಿಷಯದಲ್ಲಿ. ಸ್ವಿಚ್ ಆರಿಸಿದ ಮೇಲೆ ಕೆಂಪು ಚೀಟಿ ಅಂಟಿಸಿದರೆ ಸಾಕು, ಬಿಲ್ಲೆ ಬೇಡ ಎಂದು ಹೊಸ ನಿಯಮಗಳ ಪಟ್ಟಿಯಲ್ಲಿತ್ತು. ಸೊಸೆಯೂ ನಕ್ಕು ಹಾಗೇ ಹೇಳಿದಳು. ಹಳಬರು ಚೀಟಿಯನ್ನೂ ಅಂಟಿಸಿದರು, ಬಿಲ್ಲೆಯನ್ನೂ ತೂಗುಹಾಕಿದರು.

ಮೊದಲ ಪರೀಕ್ಷೆ ಸೊಸೆಯೇ ನಡೆಸಿದಳು. ಫಲಕದ ತಂತಿಯ ಕೆಟ್ಟ ಜೋಡಣೆ ಕಿತ್ತು ಹೊಸದು ಹಾಕಬೇಕು. ಬೆಲ್ಟಕ್ಕ ಸ್ವಿಚ್ ಆರಿಸಿದಳು, ಬಿಲ್ಲೆ ಹಾಕಿದಳು, ಹೋಗಿ ನೇರ ತಂತಿಗೇ ಕೈ ಹಾಕಿದಳು. ಚಟ್ ಎಂದು ಕಿಡಿ ಹಾರಿ ಕೈಗವಸು ಸುಟ್ಟಿತು. ಕಲ್ಲಿದ್ದಲಿನ ಲೋಕದಲ್ಲಿ ಸ್ವಿಚ್ ಆರಿಸಿದ ಯಂತ್ರ ಸತ್ತ ಯಂತ್ರ. ಮೇವು ನಿಲ್ಲಿಸಿದರೆ ಬೆಂಕಿ ಆರಲೇಬೇಕು. ಫಲಕ ಹಾಗಲ್ಲ. ಸ್ವಿಚ್ ಏನೇ ಹೇಳಲಿ, ಬಿಸಿಲು ಬೀಳುತ್ತಿರುವವರೆಗೆ ಅದು ಜೀವಂತ. ಮೂವತ್ತು ಜನರಲ್ಲಿ ಹನ್ನೊಂದು ಜನ ಇದೇ ತಪ್ಪು ಮಾಡಿದರು. ಎಲ್ಲರೂ ಇಪ್ಪತ್ತು ವರ್ಷ ದಾಟಿದ ಅನುಭವಸ್ಥರು. ಸೊಸೆ ಹನ್ನೊಂದು ಹೆಸರಿನ ಮುಂದೆಯೂ ಫೇಲ್ ಎಂದು ಬರೆದಳು. ಅತ್ತೆಯ ಹೆಸರು ಬಂದಾಗ ಪೆನ್ನು ಸ್ವಲ್ಪ ನಿಂತಿತೆಂದು ನೋಡಿದವರು ಹೇಳುತ್ತಾರೆ.

ಊರ ಬಾಯಿಗೆ ಬೀಗ ಹಾಕುವವರು ಯಾರು? ಸೊಸೆ ಅತ್ತೆಯ ಮೇಲೆ ಸೇಡು ತೀರಿಸಿಕೊಂಡಳು ಎಂಬ ಮಾತು ಅವರಿಗಿಂತ ಮುಂಚೆ ಮನೆ ಸೇರಿತ್ತು. ಸೊಸೆ ಬಂದವಳೇ ಪಾತ್ರೆ ತೊಳೆಯುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತಳು. ಬೆಲ್ಟಕ್ಕ ಪಕ್ಕಕ್ಕೆ ಹೋಗಿ ತೊಳೆದ ತಟ್ಟೆಗಳನ್ನು ಒರೆಸಿಡತೊಡಗಿದಳು.

"ನೀನು ಬರೆದಿದ್ದು ಸರಿಯಾಗಿದೆ," ಎಂದಳು. "ಪಾಸ್ ಮಾಡಿದ್ರೆ ನಾಳೆಯಿಂದ ನಿನ್ನ ಮೇಡಂ ಅಂತ ಕರೀತಿರಲಿಲ್ಲ."

ಸೊಸೆಗೆ ಅಳು ತಡೆಯಲಾಗಲಿಲ್ಲ. ಸಾಬೂನಿನ ಕೈಯಲ್ಲೇ ಕಣ್ಣೊರೆಸಿಕೊಂಡು ಇನ್ನಷ್ಟು ಉರಿ ಮಾಡಿಕೊಂಡಳು. ಬೆಲ್ಟಕ್ಕ ಅವಳ ಮುಖ ತೊಳೆಸಿ, ಈಗ ಹೇಳು, ಈ ಸೂರ್ಯನಿಗೆ ಸ್ವಿಚ್ ಎಲ್ಲಿದೆ ಎಂದು ಕೇಳಿದಳು. ಇಲ್ಲ, ಕಪ್ಪು ಬಟ್ಟೆ ಹೊದಿಸಬೇಕು ಅಷ್ಟೇ ಎಂದಳು ಸೊಸೆ. ಮರುದಿನವೇ ಬೆಲ್ಟಕ್ಕ ತನ್ನ ಎರಡು ಹಳೆಯ ಕೋಟುಗಳನ್ನು ಬಿಚ್ಚಿ ಜೋಡಿಸಿ ಒಂದು ಹೊದಿಕೆ ಹೊಲಿದಳು. ಇಪ್ಪತ್ತಾರು ವರ್ಷದ ಮಸಿ ಕುಡಿದ ಬಟ್ಟೆ, ಅದರೊಳಗೆ ಬೆಳಕು ನುಸುಳುವುದು ಸುಳ್ಳು. ಒಂದು ತಿಂಗಳು ಅಂಗಳದಲ್ಲಿ ಕುರ್ಚಿಗೆ ಹೊದಿಸಿ, ತೆಗೆದು, ಮತ್ತೆ ಹೊದಿಸಿ ಅಭ್ಯಾಸ ಮಾಡಿದಳು. ಆ ತಿಂಗಳು ಕೂರಲು ಕುರ್ಚಿಯೇ ಸಿಗಲಿಲ್ಲ ಎಂದು ಗಂಡ ಈಗಲೂ ದೂರುತ್ತಾನೆ.

ಎರಡನೇ ಪರೀಕ್ಷೆಗೆ ಹೊರಗಿನಿಂದ ಪರೀಕ್ಷಕರು ಬಂದರು. ತೆಳ್ಳಗಿನ, ಮಾತು ಕಡಿಮೆಯ, ಗಡಿಯಾರವನ್ನೇ ನೋಡುವ ಮನುಷ್ಯ. ಸೊಸೆ ದೂರದಲ್ಲಿ ನಿಲ್ಲಬೇಕು, ತುಟಿ ಪಿಟಕ್ಕೆನ್ನುವ ಹಾಗಿಲ್ಲ. ಎರಡು ಸಾಲು ಫಲಕಗಳಿಗೆ ಒಂದೇ ಸ್ವಿಚ್. ಒಂದು ಸಾಲಿನಲ್ಲಿ ಬಾಯ್ಲರ್ ಮಾವ, ಇನ್ನೊಂದರಲ್ಲಿ ಬೆಲ್ಟಕ್ಕ. ಬಾಯ್ಲರ್ ಮಾವ ಮೂವತ್ತೊಂದು ವರ್ಷ ಬಾಯ್ಲರಿನ ಪಕ್ಕ ನಿಂತು ಕಿವಿಯನ್ನು ಅದಕ್ಕೇ ಒಪ್ಪಿಸಿಬಿಟ್ಟವನು. ಈಗ ಅವನ ಹೆಸರು ಹಿಡಿದು ಕೂಗಿದರೂ ಪಕ್ಕದವರು ತಿರುಗಬೇಕು. ಕೊಟ್ಟ ಸಮಯ ನಲವತ್ತು ನಿಮಿಷ.

ಬೆಲ್ಟಕ್ಕ ಸ್ವಿಚ್ ಆರಿಸಿ, ಚೀಟಿ ಅಂಟಿಸಿ, ಬಿಲ್ಲೆ ತೂಗುಹಾಕಿದಳು. ಕೆಲಸದ ಫಲಕಕ್ಕೆ ಹೊದಿಕೆ ಹೊದಿಸಿದಳು. ಮೀಟರ್ ಹಿಡಿದು ಸೊನ್ನೆ ನೋಡಿದಳು, ನಂಬಿಕೆ ಬಾರದೆ ಇನ್ನೊಮ್ಮೆ ನೋಡಿದಳು. ಕೆಟ್ಟ ಜೋಡಣೆ ಕಿತ್ತಳು, ಹೊಸದನ್ನು ಕೂರಿಸಿದಳು. ಮೂವತ್ತನಾಲ್ಕನೇ ನಿಮಿಷಕ್ಕೆ ಹೊದಿಕೆ ಮಡಿಸಿ ಸ್ವಿಚ್ಚಿನ ಮುಂದೆ ಬಂದು ನಿಂತಳು. ಇನ್ನು ಸ್ವಿಚ್ ಹಾಕಿ ಮೀಟರ್ ಓದಿದರೆ ಮುಗಿಯಿತು.

ತನ್ನ ಬಿಲ್ಲೆ ತೆಗೆದಳು. ಅದರ ಹಿಂದೆ ಇನ್ನೊಂದು ಬಿಲ್ಲೆ ತೂಗುತ್ತಿತ್ತು. ನೂರ ಎಪ್ಪತ್ತು. ಬಾಯ್ಲರ್ ಮಾವನದು.

ಅವರ ಪಾಲಿನ ಜೋಡಣೆ ಆಗಲೇ ಮುಗಿಯಿತು, ಸಹಿ ಹಾಕಿದ್ದೇನೆ, ಸ್ವಿಚ್ ಹಾಕುವುದಷ್ಟೇ ಬಾಕಿ ಎಂದರು ಪರೀಕ್ಷಕರು. ಬೆಲ್ಟಕ್ಕ ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದಳು. ಫಲಕಗಳ ಹಿಂದೆ ಮನುಷ್ಯ ಕೂತಿದ್ದರೆ ಇಲ್ಲಿಂದ ಕಾಣುವುದಿಲ್ಲ. ಬೇರೆಯವರನ್ನಾದರೆ ಕೂಗಬಹುದಿತ್ತು, ಮಾವನನ್ನು ಕೂಗಿ ಏನು ಪ್ರಯೋಜನ? ಪರೀಕ್ಷಕರು ಗಡಿಯಾರ ನೋಡಿ, ಅದೊಂದು ಹಿತ್ತಾಳೆ ತುಂಡು, ಪಟ್ಟಿಯಲ್ಲೂ ಇಲ್ಲ, ತೆಗೆದು ಸ್ವಿಚ್ ಹಾಕಿ ಎಂದರು. ಬೆಲ್ಟಕ್ಕ ಸೊಸೆಯ ಕಡೆ ನೋಡಿದಳು. ಸೊಸೆ ಎರಡೂ ಕೈ ಬಿಗಿಹಿಡಿದು ನೆಲ ನೋಡುತ್ತಿದ್ದಳು. ಬೆಲ್ಟಕ್ಕ ತನ್ನ ಬಿಲ್ಲೆಯನ್ನೂ ವಾಪಸ್ ಅಲ್ಲೇ ತೂಗುಹಾಕಿ ನಡೆದಳು.

ಮೊದಲು ಸಾಲಿನ ಹಿಂದೆ ಪೂರ್ತಿ ನೋಡಿದಳು, ಯಾರೂ ಇಲ್ಲ. ಗೇಟಿನ ಹತ್ತಿರ ಬಂದಳು. ಮಾವನ ಬಿಲ್ಲೆ ಸ್ವಿಚ್ಚಿನಲ್ಲೇ ಇದೆ ಎಂದಷ್ಟೇ ಹೇಳಿದಳು. ಗೇಟಿನವನು ಬೇರೇನೂ ಕೇಳದೆ ತನ್ನ ಒಂದೇ ಕೈ ಎತ್ತಿ ಹಳೆಯ ಹಾಜರಿ ಕಚೇರಿಯ ಕಡೆ ತೋರಿಸಿದ. ಅಲ್ಲಿ ಮೆಟ್ಟಿಲ ಮೇಲೆ, ಮೂವತ್ತೊಂದು ವರ್ಷ ಕೂತ ಜಾಗದಲ್ಲೇ ಕೂತು, ಮಾವ ಟೀ ಕುಡಿಯುತ್ತಿದ್ದ. ಅವಳು ಕಿವಿಯ ಹತ್ತಿರ ಬಾಗಿ ವಿಷಯ ಹೇಳಿದಾಗ ಸೊಂಟ ಮುಟ್ಟಿ ನೋಡಿಕೊಂಡ. ಇಷ್ಟು ವರ್ಷದಲ್ಲಿ ಬಿಲ್ಲೆ ಮರೆತದ್ದು ಇದೇ ಮೊದಲು.

ಇನ್ನೂ ಎರಡು ನಿಮಿಷ ಇತ್ತು. ಅವಳು ಓಡಿದರೆ ಆಗುತ್ತಿತ್ತು. ಮಾವನ ಮಂಡಿ ಹಿಡಿದುಕೊಂಡಿತ್ತು, ಅವನು ನಡೆದರೆ ಆಗುತ್ತಿರಲಿಲ್ಲ.

"ನಾನು ಇಲ್ಲೇ ಇದೀನಲ್ಲ, ನೋಡಿದ್ಯಲ್ಲ. ನೀನೇ ಹೋಗಿ ತೆಗೆದುಬಿಡು ಮಾರಾಯ್ತಿ," ಎಂದ ಮಾವ.

"ಇವತ್ತು ನಾನು ನೋಡಿ ತೆಗೀತೀನಿ. ನಾಳೆ ಇನ್ನೊಬ್ಬ ನೋಡದೇ ತೆಗೀತಾನೆ. ಕೈ ಹೋಗೋದು ಮೂರನೆಯವನದು," ಎಂದಳು ಬೆಲ್ಟಕ್ಕ. "ಏಳು ಮಾವ."

ಅವನ ತೋಳು ಹಿಡಿದು ನಡೆಸಿಕೊಂಡು ಬಂದಳು. ಗಡಿಯಾರ ಅವಳಿಗೂ ಓದಲು ಬರುತ್ತಿತ್ತು. ಇವತ್ತು ಸಂಜೆ ಬಿಲ್ಲೆ ಒಪ್ಪಿಸುವುದೇ ಆದರೆ ಒಪ್ಪಿಸೋಣ, ಆದರೆ ಇನ್ನೊಬ್ಬರ ಬಿಲ್ಲೆ ಮುಟ್ಟಿದ ಕೈಯಲ್ಲಿ ಒಪ್ಪಿಸುವುದು ಬೇಡ ಎಂದುಕೊಂಡಳು. ಹಾಗೆಂದುಕೊಂಡ ಮೇಲೆ ಮಾವನ ಕುಂಟು ಹೆಜ್ಜೆ ಅವಳಿಗೆ ನಿಧಾನ ಅನ್ನಿಸಲಿಲ್ಲ.

ಮಾವ ತನ್ನ ಬಿಲ್ಲೆ ತೆಗೆದ. ಅವಳು ತನ್ನದು ತೆಗೆದು ಸ್ವಿಚ್ ಹಾಕಿದಳು. ಮೀಟರ್ ಸರಿಯಾದ ಅಂಕಿ ತೋರಿಸಿತು. ಅವಳು ಅದನ್ನು ದೊಡ್ಡ ದನಿಯಲ್ಲಿ ಓದಿದಳು. ಒಟ್ಟು ನಲವತ್ತಾರು ನಿಮಿಷ.

"ಅವರು ಟೀ ಕುಡೀತಿದ್ರು," ಎಂದರು ಪರೀಕ್ಷಕರು. "ನೀವು ಹೋಗಿದ್ದು ಸುಮ್ಮನೆ ದಂಡ ಆಯ್ತಲ್ಲ."

"ಟೀ ಕುಡೀತಿದ್ದಾನೆ ಅಂತ ಗೊತ್ತಾಗಿದ್ದು ಹೋಗಿ ನೋಡಿದ ಮೇಲಲ್ವಾ ಸರ್," ಎಂದಳು ಬೆಲ್ಟಕ್ಕ.

ಅವರು ಬರೆದುಕೊಂಡು ಮುಂದಿನವರ ಕಡೆ ಹೋದರು.

ಸಂಜೆ ನಾಲ್ಕಕ್ಕೆ ಗೋದಾಮಿನ ಬಾಗಿಲಿಗೆ ಫಲಿತಾಂಶದ ಪಟ್ಟಿ ಅಂಟಿಸಿದರು. ಬೆಲ್ಟಕ್ಕ ಬಿಲ್ಲೆಯನ್ನು ಸೊಂಟದಿಂದ ಬಿಚ್ಚಿ, ಒರೆಸಿ, ಅಂಗೈಯಲ್ಲಿ ಹಿಡಿದು ದೂರದಲ್ಲೇ ನಿಂತಿದ್ದಳು. ಓದಿ ಬಂದವನು ಗೇಟಿನವನು. ಇನ್ನೂರ ಹದಿನಾಲ್ಕು, ಪಾಸು ಎಂದ. ಪಕ್ಕದಲ್ಲಿ ಪರೀಕ್ಷಕರು ಕೈಯಲ್ಲಿ ಒಂದು ಸಾಲು ಬರೆದಿದ್ದರು: ಜೊತೆಯವರನ್ನು ಹುಡುಕಲು ಹೋದ ಸಮಯವನ್ನು ಲೆಕ್ಕಕ್ಕೆ ಹಿಡಿದಿಲ್ಲ, ಬಿಲ್ಲೆಯನ್ನು ನಿಯಮಗಳ ಪಟ್ಟಿಗೆ ಸೇರಿಸತಕ್ಕದ್ದು. ಗೇಟಿನವನು ಅದನ್ನು ಎರಡು ಸಲ ಹೇಳಿದ. ಬೆಲ್ಟಕ್ಕನಿಗೆ ಅಷ್ಟು ಹೊತ್ತು ಬಾರದಿದ್ದ ಅಳು ಆಗ ಬಂತು, ಹೆಮ್ಮೆಯಿಂದಲೇ ಅತ್ತಳು.

ಹೊಸ ಕೆಲಸದ ಮೊದಲ ಬೆಳಿಗ್ಗೆ, ಸ್ವಿಚ್ಚಿಗೆ ಹಳಬರೆಲ್ಲ ಬಿಲ್ಲೆ ತೂಗುಹಾಕುತ್ತಿದ್ದಾಗ, ಸೊಸೆ ಮೆಲ್ಲಗೆ ಪಕ್ಕಕ್ಕೆ ಬಂದಳು. ಕಲಿಸುವ ಕೆಲಸ ಮುಗಿದು ಅವಳಿಗೂ ಅಲ್ಲೇ ಎಂಜಿನಿಯರ್ ಹುದ್ದೆ ಸಿಕ್ಕಿತ್ತು.

"ಅತ್ತೆ, ನನಗೂ ಒಂದು ಬಿಲ್ಲೆ ಮಾಡಿಸಿಕೊಡಿ," ಎಂದಳು.

ಬೆಲ್ಟಕ್ಕ ತನ್ನ ಬಿಲ್ಲೆ ಕೊಕ್ಕೆಗೆ ಸರಿಯಾಗಿ ಕೂತಿದೆಯೇ ಎಂದು ಒಮ್ಮೆ ಎಳೆದು ನೋಡಿದಳು.

"ಒಂದು ವರ್ಷ ಇದರ ಹಿಂದೆ ನಿಲ್ಲು," ಎಂದಳು. "ಆಮೇಲೆ ನೋಡೋಣ."

ಮೇಡಂ ಹಿಂದೆ ಹೋಗಿ ನಿಂತರು.