ರಟ್ಟಕ್ಕ ಕೈಕಟ್ಟಿ ಕೂತ ಬೆಳಿಗ್ಗೆ

ಈಗಷ್ಟೇ ಬೆಳಕು ಹರಿಯುತ್ತಿದೆ. ನಗರಸಭೆಯ ದೊಡ್ಡ ಹಾಲ್‌ನಲ್ಲಿ ನಾಲ್ಕಾರು ನೌಕರರು ಫ್ರಿಜ್ಜಿನ ರಟ್ಟಿನ ಡಬ್ಬಗಳನ್ನು ಸೀಳಿ, ಟೇಪ್ ಅಂಟಿಸಿ ಕೌಂಟರ್ ಕಟ್ಟುತ್ತಿದ್ದಾರೆ. ಮೂಲೆಯ ಸ್ಟೂಲಿನ ಮೇಲೆ ಐವತ್ತು ದಾಟಿದ ಹೆಂಗಸೊಬ್ಬರು ಕೈಕಟ್ಟಿ ಕೂತಿದ್ದಾರೆ. ಟೇಪ್ ಸೊಟ್ಟಗೆ ಅಂಟಿದಾಗಲೆಲ್ಲ ಅವರ ಜೀವ ಚಡಪಡಿಸುತ್ತದೆ.

ಇವರೇ ರಟ್ಟಕ್ಕ. ಹುದ್ದೆ ಗುಮಾಸ್ತರದು, ಕೆಲಸ ಮಾತ್ರ, ಹೊಸದನ್ನು ಧೈರ್ಯವಾಗಿ ಮಾಡಿನೋಡಲು ನೌಕರರಿಗೆ ಕಲಿಸುವುದು. ಬಸ್ ತಂಗುದಾಣವಿರಲಿ, ಕಸದ ಗಾಡಿಯಿರಲಿ, ಮೊದಲು ರಟ್ಟಿನಲ್ಲಿ ಮಾಡಿ ಜನರಿಗೆ ಬಳಸಿನೋಡಲು ಕೊಡಬೇಕು. "ರಟ್ಟು ತಪ್ಪಾದ್ರೆ ಕಸದ ಬುಟ್ಟಿಗೆ ಹಾಕ್ಬಹುದು. ಸಿಮೆಂಟ್ ತಪ್ಪಾದ್ರೆ ಜನ್ಮಪೂರ್ತಿ ಅದಕ್ಕೆ ಸುತ್ತು ಹಾಕ್ಕೊಂಡೇ ಓಡಾಡ್ಬೇಕು," ಎನ್ನುತ್ತಾರೆ.

ಶುರುವಿನಲ್ಲಿ ಅವರೂ ಎಡವಿದ್ದಾರೆ. ಮೊದಲ ಕೌಂಟರ್ ಪರೀಕ್ಷೆಯಲ್ಲಿ ಸಾರ್ವಜನಿಕರ ಪಾತ್ರವನ್ನು ಕಚೇರಿಯವರಿಗೇ ಕೊಟ್ಟರು. ಯಾವ ಕೆಲಸ ಎಲ್ಲಿ ಎಂದು ಮೊದಲೇ ಬಲ್ಲವರು ನೀಟಾಗಿ ಸಾಲು ನಿಂತರು, ಚಪ್ಪಾಳೆಯೂ ಬಿತ್ತು. ನಿಜವಾದ ಜನ ಬಂದ ದಿನ ಹಾಲ್ ಸಂತೆಯಾಯಿತು. "ನಾಚ್ಕೆಯಾಗಿ ಮನೇಲಿ ಬಾಯೇ ಬಿಡ್ಲಿಲ್ಲ. ನಮ್ಮೆಜಮಾನ್ರಿಗೆ ಮಾತ್ರ ಹಾಯಾಗಿತ್ತು," ಎಂದು ನಗುತ್ತಾರೆ. ಅಂದಿನಿಂದ ಒಂದೇ ಕಟ್ಟಳೆ: ಈ ಕಚೇರಿಯ ಮೆಟ್ಟಿಲು ಹತ್ತದವರನ್ನು ನೌಕರರು ತಮ್ಮ ಮನೆಯಿಂದ ಕರೆತರಬೇಕು. ಹೆಚ್ಚಾಗಿ ಬರುವವರು ಅತ್ತೆಯರು. ತಪ್ಪು ಎತ್ತಿ ತೋರಿಸಲು ಅವರಿಗೆ ಸಂಕೋಚವಿಲ್ಲ ನೋಡಿ.

ಇಂದು ಪರೀಕ್ಷೆ ಕೌಂಟರಿಗಷ್ಟೇ ಅಲ್ಲ. ಮುಂದಿನ ತಿಂಗಳು ರಟ್ಟಕ್ಕನಿಗೆ ಬೇರೆ ವಿಭಾಗಕ್ಕೆ ವರ್ಗ. "ನೀವು ಕೈ ಹಾಕದೆ ಇವ್ರೇ ನಡೆಸಿದ್ರೆ ಪ್ರಯೋಗದ ಕೋಣೆ ಉಳಿಯುತ್ತೆ. ಇಲ್ಲಾಂದ್ರೆ ಅದ್ರಲ್ಲಿ ಮುರಿದ ಕುರ್ಚಿ ತುಂಬಿಸ್ತೀನಿ," ಎಂದಿದ್ದಾರೆ ಮೇಲಧಿಕಾರಿ. ರಟ್ಟಿನ ಮಾದರಿಗಳನ್ನು ಮಾಡುವ ಆ ಕೋಣೆಗಾಗಿ ವರ್ಷಗಟ್ಟಲೆ ಕಾಡಿ ಬೇಡಿದವರಿಗೆ ಇದು ಸಣ್ಣ ಮಾತಲ್ಲ.

ತೆರಿಗೆ ಗುಮಾಸ್ತನ ಅತ್ತೆ ಬರುತ್ತಾರೆ. 'ಮಾಹಿತಿ' ಎಂದು ದಪ್ಪಕ್ಷರದಲ್ಲಿ ಬರೆದ ಕೌಂಟರಿನತ್ತ ಹೋಗುವುದೇ ಇಲ್ಲ. ಬಾಗಿಲಲ್ಲೇ ನಿಂತು ಕಾವಲುಗಾರನನ್ನು ಕೇಳುತ್ತಾರೆ: "ಏನಪ್ಪಾ, ನಲ್ಲೀಲಿ ನೀರು ಬರ್ತಿಲ್ಲ, ಯಾರಿಗೆ ಹೇಳೋದು?"

ಎಲ್ಲರ ಕಣ್ಣೂ ಸ್ಟೂಲಿನ ಕಡೆ ತಿರುಗುತ್ತದೆ. ರಟ್ಟಕ್ಕ ತುಟಿ ಬಿಗಿಹಿಡಿದು ಚಾವಣಿ ನೋಡುತ್ತಾರೆ. ಅವರ ಬಗ್ಗೆ ಬರೆಯಲೆಂದು ಬಂದು ಪಕ್ಕದಲ್ಲಿದ್ದ ನನಗೇ ಅಯ್ಯೋ ಎನಿಸುತ್ತದೆ.

"ಅತ್ತೆ, ಬೋರ್ಡ್ ಕಾಣ್ಲಿಲ್ವಾ?" ಅಳಿಯ ಕೇಳುತ್ತಾನೆ.

"ಕಾಣ್ತು. ಎದುರಿಗೆ ಮನುಷ್ಯ ಇರುವಾಗ ಬೋರ್ಡ್ ಯಾಕೆ ಓದ್ಲಿ?"

ಅಳಿಯ ತಲೆ ಕೆರೆದುಕೊಳ್ಳುತ್ತಾನೆ. ಆಮೇಲೆ ಚಾಕು ಎತ್ತಿಕೊಂಡು ಕೌಂಟರಿನ ಬುಡದ ಟೇಪ್ ಸೀಳುತ್ತಾನೆ. "ಎಲ್ರೂ ಹಿಡ್ಕೊಳ್ರಪ್ಪಾ! ಇದು ಬಾಗಿಲ ಹತ್ರಾನೇ ಬರ್ಲಿ. ಕಾವಲಣ್ಣನೂ ನಮ್ ಜೊತೆ ಕೂತ್ಕೊಳ್ಲಿ."

"ನನಗೇನ್ ಗೊತ್ತು ಸಾರ್?" ಕಾವಲುಗಾರ ಗಾಬರಿಯಾಗುತ್ತಾನೆ.

"ನಾನು ಹೇಳ್ಕೊಡ್ತೀನಿ," ಎನ್ನುತ್ತಾರೆ ನೀರಿನ ವಿಭಾಗದ ಮೇಡಂ.

ಎಳೆದಾಟ, ಜಗಳ, ನಗು. ಇನ್ನಿಬ್ಬರು ಅತ್ತೆಯರು ಬಂದು, ಕೌಂಟರಿನಲ್ಲೇ ಕೇಳಿ, ಸರಿಯೆಂದು ತಲೆಯಾಡಿಸಿ ಹೋಗುತ್ತಾರೆ. ಮೇಲಧಿಕಾರಿ ಬರುವ ಹೊತ್ತಿಗೆ ಬಾಗಿಲ ಬಳಿ ಕೌಂಟರ್ ಸೊಟ್ಟಗೆ ನಿಂತಿದೆ, ಸುತ್ತ ನೌಕರರು ಅದರ ಎತ್ತರದ ಬಗ್ಗೆ ಕಿತ್ತಾಡುತ್ತಿದ್ದಾರೆ. ಮೇಲಧಿಕಾರಿ ಒಂದು ಗಳಿಗೆ ನೋಡಿ, "ಕುರ್ಚಿಗಳಿಗೆ ಬೇರೆ ಜಾಗ ಹುಡುಕ್ತೀನಿ," ಎನ್ನುತ್ತಾರೆ.

ರಟ್ಟಕ್ಕ ಸ್ಟೂಲಿನಿಂದ ಎದ್ದು ಸೊಂಟ ನೀವಿಕೊಳ್ಳುತ್ತಾರೆ. ಕಣ್ಣು ತುಂಬಿದೆ, ಮರೆಮಾಚುವುದೂ ಇಲ್ಲ.

"ನೋಡಿದ್ರಲ್ಲ, ಮುಂದೇನು ಅಂತ ಒಬ್ರಾದ್ರೂ ಬಂದು ನನ್ನ ಕೇಳಿದ್ರಾ?" ಎನ್ನುತ್ತಾರೆ ನನ್ನತ್ತ ತಿರುಗಿ. "ಒಬ್ರೂ ಕೇಳ್ಲಿಲ್ಲ."