ಬರೀ ಧೂಳು ಸಾರ್

ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿ ಮೂವರು ವಿದ್ಯಾರ್ಥಿಗಳು ಸೇರಿ ತೆರೆದ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ‘ಡಾಕ್ಟ್ರು’ ಎಂದರೆ ಅವರಲ್ಲಿ ಅತಿ ಸಣಕಲನಾದವನು. ತರಗತಿ ಮುಗಿದದ್ದೇ ತಡ, ಓಡಿಬಂದು ಬಾಗಿಲು ತೆಗೆಯುವ ಮೊದಲೇ ಕಿವಿಯ ಹಿಂದೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಳ್ಳುತ್ತಾನೆ. ಗಿರಾಕಿ ಬಾಯಿ ತೆರೆಯುವುದರೊಳಗೆ ಕಂಪ್ಯೂಟರಿನ ಹೊಟ್ಟೆ ತೆರೆದಿರುತ್ತದೆ. ಹೊಗೆ ಬಂದಿರಲಿ, ಕಾಫಿ ಚೆಲ್ಲಿರಲಿ, ಅವನ ತೀರ್ಪು ಒಂದೇ: “ಏನಿಲ್ಲ ಸಾರ್, ಬರೀ ಧೂಳು.” ಆಮೇಲೆ ಉಫ್ ಎಂದು ಊದುತ್ತಾನೆ, ಧೂಳೆಲ್ಲ ಗಿರಾಕಿಯ ಮುಖಕ್ಕೆ. ಮುಚ್ಚುವಾಗ ಯಾವತ್ತೂ ಒಂದೆರಡು ಸ್ಕ್ರೂ ಮಿಗುತ್ತವೆ. “ಕಂಪನಿಯವ್ರು ಜಾಸ್ತಿನೇ ಹಾಕಿರ್ತಾರೆ” ಎನ್ನುತ್ತ ಅವನ್ನು ಜಾಮ್ ಬಾಟಲಿಗೆ ಹಾಕುತ್ತಾನೆ. ಬಾಟಲಿ ತುಂಬುತ್ತ ಬಂದಿದೆ. ಆಶ್ಚರ್ಯವೆಂದರೆ ಕಂಪ್ಯೂಟರುಗಳೂ ಓಡುತ್ತಿವೆ. “ಓದೋ ವಯಸ್ಸಲ್ಲಿ ಇದೆಲ್ಲ ಬೇಕಾ? ಯಾರು ಬರ್ತಾರೋ ನಿನ್ನ ಅಂಗಡಿಗೆ?” ಎಂದು ಮನೆಯಲ್ಲಿ ಗೊಣಗುವ ಅಪ್ಪ ಟೈಲರ್. ಗಿರಾಕಿಗಳೇ ಸುಳಿಯದ ವಾರ ಅದೇ ಅಪ್ಪ ಮನೆಯ ಕಂಪ್ಯೂಟರನ್ನು ಮಗುವಿನಂತೆ ಎದೆಗವುಚಿಕೊಂಡು ಬರುತ್ತಾನೆ: “ನೋಡಪ್ಪಾ, ಇದ್ದಕ್ಕಿದ್ದ ಹಾಗೆ ನಿಂತೋಯ್ತು.” ಡಾಕ್ಟ್ರು ಬಿಚ್ಚಿ ನೋಡಿದರೆ ಒಳಗೊಂದು ತಂತಿಯನ್ನು ಯಾರೋ ಕಳಚಿದ್ದಾರೆ, ಎಲ್ಲಿ ಕಳೆದುಹೋದೀತೋ ಎಂದು ಅದನ್ನು ನೀಲಿ ಹೊಲಿಗೆದಾರದಿಂದ ನೀಟಾಗಿ ಕಟ್ಟಿ, ಗುಂಡಿ ಹೊಲಿದಾಗ ಹಾಕುವಂಥ ಗಂಟು ಹಾಕಿದ್ದಾರೆ. ಅವನು ಅಪ್ಪನ ಮುಖ ನೋಡುವುದಿಲ್ಲ. ಗೆಳೆಯರಿಗೆ ಕಾಣದ ಹಾಗೆ ದಾರ ಬಿಡಿಸಿ ಜೇಬಿಗೆ ಸೇರಿಸಿ, “ಬರೀ ಧೂಳಪ್ಪ. ಆದ್ರೆ ಸ್ವಲ್ಪ ಹೊತ್ತಾಗುತ್ತೆ, ಕೂತ್ಕೊ” ಎಂದು ಗಿರಾಕಿಯ ಕುರ್ಚಿಯನ್ನು ಎಳೆದುಕೊಡುತ್ತಾನೆ.