ತಂಬೂರಿ ನಿಂತ ಎರಡು ಸೆಕೆಂಡು

ಪಕ್ಕದ ಮನೆಯ ಪೇರಲ ಗಿಡದಲ್ಲಿ ಈಗ ಹದಿನಾಲ್ಕು ಸಿ.ಡಿ.ಗಳು ನೇತಾಡುತ್ತಿವೆ. ಗಿಳಿಗಳು ಹೆದರಲೆಂದು ಕಟ್ಟಿದ್ದು. ಕಳೆದ ತಿಂಗಳು ಆ ಮನೆಯೊಡತಿ ವೈನಿ ಬಂದು, ಕೆಟ್ಟ ಸಿ.ಡಿ. ಇದ್ದರೆ ಕೊಡಿ ಎಂದು ಕೇಳಿದಾಗ ನಾನು ಒಂದು ಡಬ್ಬಿಯನ್ನೇ ತಂದುಕೊಟ್ಟೆ. ಗಿಳಿಗಳು ಎರಡು ದಿನ ದೂರ ಕೂತು ನೋಡಿದವು. ಮೂರನೆಯ ದಿನ ಸಿ.ಡಿ.ಗಳ ಪಕ್ಕದಲ್ಲೇ ಕೂತು ಹಣ್ಣು ತಿಂದವು. ಬೆಳಿಗ್ಗೆ ಬಿಸಿಲು ಬಿದ್ದಾಗ ಆ ಸಿ.ಡಿ.ಗಳ ಬೆಳಕು ನನ್ನ ಗೋಡೆಯ ಮೇಲೆ ಓಡಾಡುತ್ತದೆ, ನಾನು ಚಹಾ ಹಿಡಿದು ನೋಡುತ್ತ ಕೂರುತ್ತೇನೆ. ಒಬ್ಬನೇ ಇರುವ ಮನೆಯಲ್ಲಿ ಏನಾದರೊಂದು ಓಡಾಡಿದರೆ ಒಳ್ಳೆಯದೇ.

ಆ ಹದಿನಾಲ್ಕನ್ನೂ ಮಾಡಿದವನು ನಾನು. ಕೆಟ್ಟಿವೆ ಎಂದು ಕಂಡುಹಿಡಿದವಳು ನನ್ನ ಅಕ್ಕ.

ಅಕ್ಕನ ಬಗ್ಗೆ ಹೇಳಬೇಕು. ಧಾರವಾಡದ ಈ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಇಬ್ಬರೂ ಮದುವೆಯಾಗಲಿಲ್ಲ. ಅವಳು ಬೇಡವೆಂದಳು, ನನ್ನನ್ನು ಬೇಡವೆಂದರು. ಹಗಲು ಅವಳು ಹುಡುಗಿಯರ ಶಾಲೆಯೊಂದರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳು. ಸಂಜೆ ತನ್ನ ಸಂಗೀತದ ಗುರುಗಳ ಮನೆಗೆ ಹೋಗುತ್ತಿದ್ದಳು. ಅವರನ್ನು ಊರೆಲ್ಲ ಮಾಸ್ತರರು ಎಂದೇ ಕರೆಯುತ್ತಿತ್ತು, ನಾನೂ ಹಾಗೇ ಕರೆಯುತ್ತೇನೆ. ಹಾಡು ಕಲಿಯಲು ಹೋದವಳು ಅಕ್ಕ. ಆದರೆ ಅವಳ ಕೈಯಲ್ಲಿ ತಂಬೂರಿ ಎಷ್ಟು ಸರಿಯಾಗಿ ಕೂತಿತೆಂದರೆ, ಮಾಸ್ತರರು ಅದನ್ನು ಮತ್ತೊಬ್ಬರ ಕೈಗೆ ಕೊಡಲೇ ಇಲ್ಲ. ಇಪ್ಪತ್ತೆರಡು ವರ್ಷ ಅವರ ಎಡಗಡೆ, ಎರಡು ಮೊಳ ಹಿಂದೆ ಕೂತು ಅವಳು ತಂಬೂರಿ ನುಡಿಸಿದಳು. ಸಂಗೀತ ಕಛೇರಿಯ ಫೋಟೋಗಳಲ್ಲಿ ತಂಬೂರಿಯ ಕೋಲಿನ ಹಿಂದೆ ಅವಳ ಅರ್ಧ ಮುಖ ಕಾಣುತ್ತದೆ. ಪತ್ರಿಕೆಯಲ್ಲಿ ತಬಲಾದವರ ಹೆಸರು ಬರುತ್ತಿತ್ತು, ಹಾರ್ಮೋನಿಯಂನವರ ಹೆಸರು ಬರುತ್ತಿತ್ತು. ತಂಬೂರಿಯವರ ಹೆಸರು ಜಾಗ ಉಳಿದರೆ ಬರುತ್ತಿತ್ತು, ಜಾಗ ಸಾಮಾನ್ಯವಾಗಿ ಉಳಿಯುತ್ತಿರಲಿಲ್ಲ.

ಇದು ಅನ್ಯಾಯ ಅಂತ ನನಗೆ ಆಗ ಅನ್ನಿಸಿತ್ತೆಂದು ಹೇಳಿಕೊಂಡರೆ ಸುಳ್ಳಾಗುತ್ತದೆ. ನನಗೆ ಸಂಗೀತದ ಕಿವಿಯೇ ಇಲ್ಲ. ಕುಕ್ಕರಿನ ಸೀಟಿಗೂ ಕೊಳಲಿಗೂ ಇವನಿಗೆ ವ್ಯತ್ಯಾಸ ತಿಳಿಯುವುದಿಲ್ಲ ಎಂದು ಅಪ್ಪ ಬಂದವರ ಮುಂದೆಲ್ಲ ಹೇಳುತ್ತಿದ್ದರು. ನನ್ನ ಕಿವಿ ಪಳಗಿದ್ದು ಬೇರೆ ಕಡೆ. ತಾರಿಹಾಳದ ಒಂದು ಸಣ್ಣ ಕಾರ್ಖಾನೆಯಲ್ಲಿ ನೀರೆತ್ತುವ ಪಂಪುಗಳನ್ನು ಪರೀಕ್ಷೆ ಮಾಡುವುದು ನನ್ನ ಕೆಲಸವಾಗಿತ್ತು. ಪಂಪು ಚಾಲೂ ಮಾಡಬೇಕು, ಕಿವಿಗೊಡಬೇಕು, ಇರಬಾರದ ಶಬ್ದ ಇದ್ದರೆ ಪಕ್ಕಕ್ಕೆ ಇಡಬೇಕು. ಇಪ್ಪತ್ತೆಂಟು ವರ್ಷ ಇದನ್ನೇ ಮಾಡಿದ ಮನುಷ್ಯನಿಗೆ ಲೋಕದಲ್ಲಿ ಬೇಕಾದ ಶಬ್ದ, ಬೇಡವಾದ ಶಬ್ದ ಎಂದು ಎರಡೇ ಜಾತಿ ಉಳಿಯುತ್ತವೆ.

ಆದರೂ ಅಕ್ಕನ ಕಛೇರಿ ಇದ್ದಲ್ಲೆಲ್ಲ ನಾನು ಹೋಗುತ್ತಿದ್ದೆ. ಹುಬ್ಬಳ್ಳಿಯಲ್ಲಿ ಇದ್ದರೆ ಬಸ್ಸಿನಲ್ಲಿ ತಂಬೂರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂರುವವನು ನಾನೇ. ಸಭಾಂಗಣದ ಬಾಗಿಲಲ್ಲಿ ಅದನ್ನು ಅವಳಿಗೆ ಒಪ್ಪಿಸಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆ. ಮಾಸ್ತರರು ಒಂದು ರಾಗ ಮುಗಿಸಿ ನೀರಿನ ಲೋಟಕ್ಕೆ ಕೈ ಹಾಕಿದ್ದೇ ತಡ, ಎದ್ದು ಹೊರಗೆ ಹೋಗಿ ಚಹಾ ಕುಡಿದು ಬರುತ್ತಿದ್ದೆ. ಮುಂದಿನ ರಾಗ ಶುರುವಾಗುವಷ್ಟರಲ್ಲಿ ಮತ್ತೆ ನನ್ನ ಜಾಗದಲ್ಲಿ ಇರುತ್ತಿದ್ದೆ. ಈ ಲೆಕ್ಕ ಒಮ್ಮೆಯೂ ತಪ್ಪಲಿಲ್ಲವೆಂದು ನನಗೆ ಸಣ್ಣ ಹೆಮ್ಮೆಯೂ ಇತ್ತು.

ಮಾಸ್ತರರು ತೀರಿಹೋದ ಮೇಲೆ ಅಕ್ಕ ಬೇರೆ ಯಾರ ಹಿಂದೆಯೂ ಕೂರಲಿಲ್ಲ. ಅವಳ ಬಳಿ ಉಳಿದದ್ದು ಇಪ್ಪತ್ತೊಂದು ಕ್ಯಾಸೆಟ್ಟು. ಕಛೇರಿಗಳಲ್ಲಿ ಒಂದು ಸಣ್ಣ ಟೇಪ್ ರೆಕಾರ್ಡರನ್ನು ತನ್ನ ಮೊಣಕಾಲ ಪಕ್ಕ ಇಟ್ಟುಕೊಂಡು ಅವಳೇ ತುಂಬಿಸಿಕೊಂಡಿದ್ದು. ಸಿ.ಡಿ. ಬರೆಯುವ ಯಂತ್ರ ಮನೆಮನೆಗೆ ಬಂದ ಕಾಲ ಅದು. ನಾನೂ ಒಂದು ಕಂಪ್ಯೂಟರು ತಂದಿದ್ದೆ, ಅದಕ್ಕೊಂದು ಘನವಾದ ಕೆಲಸ ಹುಡುಕುತ್ತಿದ್ದೆ. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯುತ್ತಿದೆ, ಎಲ್ಲವನ್ನೂ ಸಿ.ಡಿ. ಮಾಡಿಬಿಡೋಣ ಎಂದೆ. ಅಕ್ಕ ಬಹಳ ಸಂತೋಷಪಟ್ಟಳು. ನಾನು ಅವಳನ್ನು ಸಂತೋಷಪಡಿಸಿದ ಸಂದರ್ಭಗಳು ಕಡಿಮೆ, ಹಾಗಾಗಿ ಚೆನ್ನಾಗಿ ನೆನಪಿದೆ.

ನಾಲ್ಕು ತಿಂಗಳ ರವಿವಾರಗಳು ಅದಕ್ಕೇ ಹೋದವು. ಟೇಪಿನಿಂದ ಕಂಪ್ಯೂಟರಿಗೆ ಒಂದು ವಾಯರು. ಕ್ಯಾಸೆಟ್ಟು ತನ್ನ ವೇಗದಲ್ಲೇ ಓಡಬೇಕು, ನಾವು ಕಾಯಬೇಕು. ಆಮೇಲೆ ಪರದೆಯ ಮೇಲೆ ಆ ಶಬ್ದ ಏರಿಳಿಯುವ ಗೆರೆಯಾಗಿ ಕಾಣುತ್ತದೆ, ಎಲ್ಲಿ ಬೇಕೋ ಅಲ್ಲಿ ಕತ್ತರಿಸಬಹುದು. ನಾನು ಪಂಪು ಪರೀಕ್ಷಿಸುವ ಶ್ರದ್ಧೆಯಿಂದ ಕತ್ತರಿಸಿದೆ. ಹಾಡು ಇದ್ದಷ್ಟನ್ನು ಇಟ್ಟೆ. ಎರಡು ಹಾಡುಗಳ ನಡುವೆ ಇದ್ದ ಕೆಮ್ಮು, ಗುಸುಗುಸು, ತಬಲಾಕ್ಕೆ ಸುತ್ತಿಗೆ ಬಡಿಯುವುದು, ನಿಮಿಷಗಟ್ಟಲೆ ನಡೆಯುವ ಬರೀ ಗುಂಯ್‌ಗುಡುವಿಕೆ, ಎಲ್ಲವನ್ನೂ ಅಳಿಸಿದೆ. ಒಂದೇ ರಾಗದಲ್ಲೂ ನಿಧಾನದ ಭಾಗ ಮುಗಿದು ಜೋರಿನದು ಶುರುವಾಗುವಲ್ಲಿ ಗುರುತು ಹಾಕಿ ಬೇರೆ ಬೇರೆ ಟ್ರ್ಯಾಕ್ ಮಾಡಿದೆ, ಬೇಕಾದ್ದಕ್ಕೆ ನೇರ ಹಾರಬಹುದಲ್ಲ.

ಹದಿನಾಲ್ಕು ಸಿ.ಡಿ. ಆದವು. ಮೊದಲನೆಯದನ್ನು ಹಾಕಿ ಅಕ್ಕನನ್ನು ಕರೆದೆ. ಮಾಸ್ತರರು ನಿಧಾನವಾಗಿ ಏರಿ, ಇನ್ನೇನು ಲಯ ಜೋರಾಗಬೇಕು, ಆಗ ಎಲ್ಲ ನಿಶ್ಶಬ್ದ. ಎರಡು ಸೆಕೆಂಡು ಬಿಟ್ಟು ಮತ್ತೆ ಹಾಡು. ಅಕ್ಕ ಬೆಚ್ಚಿ ತಲೆ ಎತ್ತಿದಳು.

"ತಂಬೂರಿ ನಿಂತತಲ್ಲೋ" ಎಂದಳು.

ಎರಡೇ ಸೆಕೆಂಡು ಎಂದೆ. ಕಂಪ್ಯೂಟರು ಪ್ರತಿ ಟ್ರ್ಯಾಕಿನ ಮೊದಲು ತಾನಾಗಿಯೇ ಅಷ್ಟು ಖಾಲಿ ಬಿಡುತ್ತದೆ, ಸಿನಿಮಾ ಹಾಡಿನವರಿಗೆ ಅದೇ ಅನುಕೂಲ ಎಂದು ವಿವರಿಸಿದೆ.

"ಹಾಡು ನಿಂತ್ರ ನಿಲ್ಲಲಿ" ಎಂದಳು ಅಕ್ಕ. "ತಂಬೂರಿ ನಿಂತ್ರ ಕೂತ ನೆಲಾನ ಹೋದಂಗಾಗ್ತೈತಿ."

ನೆಲ ಹೋಗುವ ಮಾತು ನನಗೆ ತಿಳಿಯಲಿಲ್ಲ, ಆದರೆ ದೋಷ ಎಂದರೆ ತಿಳಿಯುತ್ತದೆ. ಹದಿನೈದು ದಿನ ತಲೆ ಕೆಡಿಸಿಕೊಂಡೆ. ಟ್ರ್ಯಾಕ್ ಒಂದೊಂದನ್ನೇ ಬರೆದು ನಿಲ್ಲಿಸುವ ಬದಲು ಇಡೀ ಸಿ.ಡಿ.ಯನ್ನು ಒಂದೇ ಉಸಿರಿಗೆ ಬರೆಸಬೇಕು, ಖಾಲಿ ಜಾಗ ಎನ್ನುವ ಕಡೆ ಎರಡನ್ನು ಅಳಿಸಿ ಸೊನ್ನೆ ಹಾಕಬೇಕು. ಅಷ್ಟೇ ಗುಟ್ಟು. ಹಳೆಯ ಹದಿನಾಲ್ಕನ್ನು ಡಬ್ಬಿಗೆ ಹಾಕಿಟ್ಟು ಹೊಸದಾಗಿ ಹದಿನಾಲ್ಕು ಬರೆದೆ. ಈಗ ಎಲ್ಲೂ ಕೂದಲೆಳೆಯ ಸಂದಿಲ್ಲ. ಒಂದು ರಾಗದ ಬಾಲಕ್ಕೆ ಮುಂದಿನ ರಾಗದ ತಲೆ ಅಂಟಿಕೊಂಡಿತ್ತು. ಅಕ್ಕ ತಲೆ ತಗ್ಗಿಸಿ ಇಡೀ ಒಂದು ಸಿ.ಡಿ. ಕೇಳಿದಳು. ಛಲೋ ಆಗೇತಿ ಎಂದಳು. ಅದೇ ವಾರ ನಾನು ಕ್ಯಾಸೆಟ್ಟುಗಳನ್ನು ಹಳೆ ಸಾಮಾನು ಕೊಳ್ಳುವ ಭಂಗಾರದವನಿಗೆ ಹಾಕಿದೆ, ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಅದರೊಳಗಿದ್ದುದನ್ನೂ ಅಳಿಸಿದೆ. ಅಚ್ಚುಕಟ್ಟು ಮನುಷ್ಯ ನಾನು.

ಅಕ್ಕ ಆ ಸಿ.ಡಿ.ಗಳನ್ನು ಮತ್ತೆ ಹಾಕಿದ್ದನ್ನು ನಾನು ನೋಡಲಿಲ್ಲ. ಏಕೆಂದು ಕೇಳಲೂ ಇಲ್ಲ. ಅವಳಿಗೆ ಮನೆಯಲ್ಲಿ ತಂಬೂರಿ ಇತ್ತು, ದಿನವೂ ಸಂಜೆ ನುಡಿಸುತ್ತಿದ್ದಳು. ಹಲವು ವರ್ಷಗಳ ಮೇಲೆ ಅವಳ ಬಲ ಹೆಗಲು ಹಿಡಿದುಕೊಂಡಿತು, ಬೆರಳು ಬಗ್ಗದಾದವು. ತಂತಿಗಳನ್ನು ಸಡಿಲ ಮಾಡಿ ತಂಬೂರಿಗೆ ಗವಸು ಹಾಕಿದ ದಿನ ಅವಳು ನನ್ನ ಎದುರಿಗೆ ಬಂದು ಕೂತಳು.

"ಆ ಕ್ಯಾಸೆಟ್ಟಿನ್ಯಾಗಿಂದು ನಡುವಿಂದೆಲ್ಲಾ ಎಲ್ಲಿ ಇಟ್ಟೀ?" ಎಂದಳು.

ಯಾವ ನಡುವಿನದು ಎಂದು ಕೇಳಿದೆ.

"ಮಾಸ್ತರರು ನೀರು ಕುಡಿಯೂ ಮುಂದ, ತಬಲಾದವ್ರು ಸುತ್ತಿಗಿ ಬಡಿಯೂ ಮುಂದ. ಅಲ್ಲಿ ನಾ ಒಬ್ಬಾಕೀನ ಕೇಳಸ್ತಿದ್ನಿ."

ಅದನ್ನು ಕಸವೆಂದು ತೆಗೆದುಹಾಕಿದೆ ಎಂದು ಹೇಳುವುದು ನನ್ನಿಂದಾಗಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ, ಅವಳಿಗೆ ನನ್ನ ಮುಖ ಸಾಕು. ನನ್ನನ್ನು ಸಮಾಧಾನಪಡಿಸುವಂತೆಯೇ ಹೇಳಿದಳು: "ಹೋಗ್ಲಿ ಬಿಡು. ನೀ ಆವಾಗೆಲ್ಲಾ ಚಾ ಕುಡಿಯಾಕ ಹೋಗಿರ್ತಿದ್ದಿ. ನಿನಗ ಹೆಂಗ ಗೊತ್ತಾಗಬೇಕು?"

ಬೈದಿದ್ದರೆ ಇಷ್ಟು ವರ್ಷದಲ್ಲಿ ಮರೆತಿರುತ್ತಿದ್ದೆ.

ಅಕ್ಕ ತೀರಿಕೊಂಡು ಮೂರು ವರ್ಷವಾಯಿತು. ಈಗ ಆ ಸಂದಿಲ್ಲದ ಸಿ.ಡಿ.ಗಳನ್ನು ನಾನೇ ಹಾಕಿಕೊಂಡು ಕೇಳುತ್ತೇನೆ. ಮಾಸ್ತರರು ಉಸಿರು ತೆಗೆದುಕೊಳ್ಳುವಲ್ಲಿ ಅರ್ಧ ಸೆಕೆಂಡು ತಂಬೂರಿ ಸಿಗುತ್ತದೆ. ಅಷ್ಟರಲ್ಲಿ ಅವರು ಮತ್ತೆ ಹಾಡುತ್ತಾರೆ. ಇಷ್ಟು ದೊಡ್ಡ ಗಾಯಕರು ಒಮ್ಮೆಯಾದರೂ ಸುಮ್ಮನಾಗಬಾರದೇ ಎಂದು ಸಿಟ್ಟು ಬರುತ್ತದೆ. ಅವರದೇನು ತಪ್ಪು ಹೇಳಿ, ಸುಮ್ಮನಾದಲ್ಲೆಲ್ಲ ಕತ್ತರಿಸಿದವನು ನಾನು. ಅಕ್ಕ ಇಲ್ಲದ ಮನೆ ಖಾಲಿ ಎನ್ನುವುದಕ್ಕಿಂತ, ಅವಳಿದ್ದಾಗ ನಾನು ಅವಳನ್ನು ಕೇಳಿಸಿಕೊಳ್ಳಲೇ ಇಲ್ಲ ಎನ್ನುವುದು ಹೆಚ್ಚು ನೋಯಿಸುತ್ತದೆ.

ಹೋದ ವಾರ ಹುಬ್ಬಳ್ಳಿಯಲ್ಲಿ ಒಂದು ಕಛೇರಿ ಇತ್ತು. ಹಾಡುವವರು ಯಾರೆಂದು ಸರಿಯಾಗಿ ನೋಡದೆ ಹೋದೆ. ಮೊದಲ ರಾಗ ಮುಗಿಯಿತು. ಗಾಯಕರು ಶಾಲು ಸರಿಮಾಡಿಕೊಂಡು ತಬಲಾದವರ ಕಡೆ ತಿರುಗಿ ಏನೋ ಮಾತಾಡಿದರು, ಜನ ಎದ್ದರು, ಕುರ್ಚಿಗಳು ಕಿರ್ರೆಂದವು. ಹಿಂದೆ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಕಣ್ಣು ಕೆಳಗೆ ಮಾಡಿ ತಂಬೂರಿ ನುಡಿಸುತ್ತಲೇ ಇದ್ದರು. ನಾನು ಏಳಲಿಲ್ಲ. ನಾಲ್ಕು ತಂತಿ, ಒಂದಾದ ಮೇಲೊಂದು, ಅವಸರವಿಲ್ಲದೆ. ಪಕ್ಕದವರು ಹವೆಯ ಬಗ್ಗೆ ಏನೋ ಕೇಳಿದರು, ಸ್ವಲ್ಪ ಸುಮ್ಮನಿರ್ರಿ ಎಂದುಬಿಟ್ಟೆ. ಅವರು ಖಾಲಿ ವೇದಿಕೆ ನೋಡುವಂತೆ ಅತ್ತ ನೋಡಿ, ಆಮೇಲೆ ನನ್ನನ್ನು ನೋಡಿದರು.

ಎಲ್ಲ ಮುಗಿದು ಜನ ಗಾಯಕರ ಕಾಲಿಗೆರಗಲು ಸಾಲು ನಿಂತಾಗ ನಾನು ವೇದಿಕೆಯ ಇನ್ನೊಂದು ಬದಿಯಿಂದ ಹತ್ತಿದೆ. ಆ ಹೆಂಗಸು ತಂಬೂರಿಗೆ ಗವಸು ತೊಡಿಸುತ್ತಿದ್ದರು. ನಿಮ್ಮ ತಂಬೂರಿ ಕೇಳಿದೆ, ಹೆಸರು ಕೇಳಬಹುದೇ ಎಂದೆ. ಅವರ ಕೈ ಅಲ್ಲೇ ನಿಂತಿತು.

"ಯಾಕ್ರಿ, ಎಲ್ಲೆರೆ ಶ್ರುತಿ ಇಳಿದಿತ್ತೇನ್ರಿ?"

"ಇಲ್ರಿ" ಎಂದೆ. "ಒಮ್ಮಿನೂ ಇಳಿಲಿಲ್ಲ."

ಮುಂದೆ ಇನ್ನೇನೋ ಇದೆಯೆಂದು ಅವರು ಕಾದರು. ಅಷ್ಟು ಹೇಳಲಿಕ್ಕೆ ಮೇಲೆ ಹತ್ತಿ ಬಂದಿರೇನು ಎಂದು ಅವರು ನಗುತ್ತ ಕೇಳಿದರು. ಹೌದು ಎಂದೆ. ಆಮೇಲೆ ಅವರು ಹೆಸರು ಹೇಳಿದರು. ವೇದಿಕೆಗೆ ಇದ್ದದ್ದು ಮೂರೇ ಮೆಟ್ಟಿಲು. ಅಕ್ಕ ಅಲ್ಲಿ ಕೂತಿದ್ದ ಇಪ್ಪತ್ತೆರಡು ವರ್ಷ ನಾನು ಅವನ್ನು ಒಮ್ಮೆಯೂ ಹತ್ತಿರಲಿಲ್ಲ.